ಗಿಡದ ಪಾತ್ರ ಸಾಕು

(ಧಾರವಾಡದಲ್ಲಿ ರಂಗಾಸಕ್ತರು, ಶಾಲಾ ಶಿಕ್ಷಕರು ಮತ್ತು ಪಾಲಕರ ಮುಂದೆ ಆಡಿದ ಮಾತಿನ ಬರಹ ರೂಪ)

ಒಂದು ಲೆಕ್ಕದಿಂದ ಶುರು ಮಾಡುತ್ತೇನೆ. ಗಾಲಿಕುರ್ಚಿಯಲ್ಲಿ ಕೂತವರು ಯಾರ ಸಹಾಯವೂ ಇಲ್ಲದೆ ಮೇಲೆ ಹತ್ತಬೇಕಾದರೆ ಇಳಿಜಾರು ಎಷ್ಟಿರಬೇಕು ಅಂತ ಒಂದು ಅಳತೆ ಇದೆ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ನಮ್ಮ ಊರಿನ ವೇದಿಕೆ ಮೂರು ಅಡಿ ಎತ್ತರ ಅಂದುಕೊಳ್ಳಿ. ಹಾಗಾದರೆ 36 ಅಡಿ ರ್‍ಯಾಂಪ್ ಬೇಕು. ನಡುವೆ ನಿಂತು ಉಸಿರು ಬಿಡಲು ಸಮನಾದ ಜಾಗ ಬೇರೆ ಬೇಕು. ನೀವು ನೋಡಿದ ಎಷ್ಟು ವೇದಿಕೆಗಳ ಪಕ್ಕ ಅಷ್ಟುದ್ದದ ಇಳಿಜಾರು ಇದೆ? ಎಣಿಸಿ ನೋಡಿ. ನನಗೆ ಒಂದು ಕೈಯ ಬೆರಳೂ ತುಂಬಲಿಲ್ಲ.

ಈ ಲೆಕ್ಕ ನನಗೆ ಕಲಿಸಿದವಳು ಹದಿನೇಳು ವರ್ಷದ ಹುಡುಗಿ. ಅಂಗವಿಕಲ ಮಕ್ಕಳು ಆಡುವ ನಮ್ಮ ಭಾನುವಾರದ ನಾಟಕ ತಂಡದವಳು. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಓಡುವ ಚಿಗರಿ ಬಸ್ಸಿನಲ್ಲಿ ಬರುತ್ತಾಳೆ. 2018ರಲ್ಲಿ ಚಿಗರಿ ಓಡಲು ಶುರುವಾದ ಮೇಲೆ ಅವಳಿಗೆ ಊರು ದೊಡ್ಡದಾಯಿತು. ನಿಲ್ದಾಣದ ಕಟ್ಟೆ, ಬಸ್ಸಿನ ನೆಲ ಎರಡೂ ಒಂದೇ ಮಟ್ಟ. ಗಾಲಿ ಉರುಳಿಸಿಕೊಂಡು ಸೀದಾ ಒಳಗೆ ಹೋಗುತ್ತಾಳೆ. ಇಪ್ಪತ್ತು ಕಿಲೋಮೀಟರ್ ತಾನೇ ಬಂದವಳನ್ನು, ನಮ್ಮ ಮೊದಲ ಪ್ರದರ್ಶನದ ದಿನ, ಮೂರು ಅಡಿ ಮೇಲೆ ಹತ್ತಿಸಲು ನಾಲ್ಕು ಜನ ಗಂಡಸರು ಕುರ್ಚಿ ಸಮೇತ ಎತ್ತಿದರು. ಒಬ್ಬರ ಕೈ ಜಾರಿತು. ಕುರ್ಚಿ ವಾಲಿತು. ಬೀಳಲಿಲ್ಲ, ಆದರೆ ಸಭೆಯೆಲ್ಲ ‘ಅಯ್ಯೋ’ ಅಂದಿತು.

ಆ ‘ಅಯ್ಯೋ’ ನಮ್ಮ ನಾಟಕವನ್ನು ಕೆಡಿಸಿತು. ಹೇಗೆ ಹೇಳುತ್ತೇನೆ. ಅವಳದು ಸಂತೆಯಲ್ಲಿ ಮೆಣಸಿನಕಾಯಿ ಮಾರುವ ಜಗಳಗಂಟಿಯ ಪಾತ್ರ. ಬಾಯಿ ತೆರೆದರೆ ಜನ ಬಿದ್ದು ಬಿದ್ದು ನಗಬೇಕು. ತಾಲೀಮಿನಲ್ಲಿ ನಾವೇ ಹೊಟ್ಟೆ ಹಿಡಿದುಕೊಂಡಿದ್ದೆವು. ಆದರೆ ಸಭೆ ಒಮ್ಮೆ ‘ಪಾಪ’ ಅಂದ ಮೇಲೆ ಮುಗೀತು. ಪಾಪದ ಹುಡುಗಿ ಬೈದರೆ ಯಾರು ನಗುತ್ತಾರೆ? ಒಂದು ನಗುವೂ ಬರಲಿಲ್ಲ. ಕೊನೆಗೆ ಚಪ್ಪಾಳೆ ಮಾತ್ರ ಜಾಸ್ತಿನೇ ಬಂತು. ಅವಳು ನನ್ನ ಹತ್ತಿರ ಬಂದು, ‘ಸರ, ನಾನೇನು ಪಲ್ಲಕ್ಕಿ ಏನ್ರಿ, ಹೊತ್ಕೊಂಡು ತಿರುಗಾಕ?’ ಅಂದಳು. ಚಪ್ಪಾಳೆಯ ಮಾತೇ ಎತ್ತಲಿಲ್ಲ.

ಮುಂದಿನ ಪ್ರದರ್ಶನ ನಾವು ವೇದಿಕೆಯ ಮೇಲೆ ಆಡಲಿಲ್ಲ. ಒಂದು ಶಾಲೆಯ ಅಂಗಳದಲ್ಲಿ, ನೆಲದ ಮೇಲೆ ಆಡಿದೆವು. ಜನ ಮೂರು ಕಡೆ ಕೂತರು. ಅವಳ ಪ್ರವೇಶಕ್ಕೆ ಒಂದು ಪಲ್ಲಕ್ಕಿ ಹಾಡೇ ಕಟ್ಟಿದೆವು. ಹಿಂದೆ ನಾಲ್ಕು ಜನ ಬೋಯಿಗಳು ಖಾಲಿ ಕೈಯಲ್ಲಿ ಏದುಸಿರು ಬಿಡುತ್ತಾ ಬರುತ್ತಾರೆ, ಮುಂದೆ ಇವಳು ತಾನೇ ಗಾಲಿ ತಿರುಗಿಸಿಕೊಂಡು ‘ಲಗೂನ ನಡೀರಲೇ’ ಅಂತ ಬೈಯುತ್ತಾ ಬರುತ್ತಾಳೆ. ನಗು ಬಂತು. ಮೊದಲ ಸಾಲಿನಿಂದಲೇ ಬಂತು.

ಇದು ನಮ್ಮ ಭಾಗದ ಬಡತನದ ಮಾತು ಅಂದುಕೊಳ್ಳಬೇಡಿ. 2019ರಲ್ಲಿ ಆಲಿ ಸ್ಟ್ರೋಕರ್ ಎಂಬ ಅಮೆರಿಕದ ನಟಿಗೆ ಸಂಗೀತ ನಾಟಕದ ಅಭಿನಯಕ್ಕೆ ಟೋನಿ ಪ್ರಶಸ್ತಿ ಬಂತು. ಗಾಲಿಕುರ್ಚಿ ಬಳಸುವ ನಟರಲ್ಲಿ ಆ ಪ್ರಶಸ್ತಿ ಪಡೆದ ಮೊದಲಿಗರು ಅವರು. ನ್ಯೂಯಾರ್ಕಿನ ಅಷ್ಟು ದೊಡ್ಡ ಸಭಾಂಗಣ. ಆದರೆ ಪ್ರೇಕ್ಷಕರ ಕಡೆಯಿಂದ ವೇದಿಕೆಗೆ ಹತ್ತಲು ರ್‍ಯಾಂಪ್ ಇರಲಿಲ್ಲ. ಉಳಿದವರೆಲ್ಲ ಹೆಸರು ಕೂಗಿದಾಗ ಸಭೆಯ ನಡುವಿನಿಂದ ಎದ್ದು ಬಂದರು. ಇವರು ವೇದಿಕೆಯ ಹಿಂದಿನಿಂದ ಬರಬೇಕಾಯಿತು. ನಮ್ಮ ಹುಡುಗಿಗೆ ಇದನ್ನು ಹೇಳಿದೆ. ‘ಹಂಗಾರ ಅಲ್ಲೂ ಹುಬ್ಬಳ್ಳಿನ ಬಿಡ್ರಿ’ ಅಂದಳು.

ನಾನು ಪೇಟಿ ಮಾಸ್ತರ, ಅಂದರೆ ಹಾರ್ಮೋನಿಯಂ ನುಡಿಸುವವನು. ನಮ್ಮಪ್ಪ ನಾಟಕ ಕಂಪನಿಗಳಲ್ಲಿ ಕಾಲುಪೆಟ್ಟಿಗೆ ನುಡಿಸುತ್ತಿದ್ದರು. ಹಾಗಾಗಿ ನನ್ನ ಮಾತು ಎಲ್ಲಿಗೆ ಹೋದರೂ ತಿರುಗಿ ಹಾಡಿಗೇ ಬರುತ್ತದೆ, ಸ್ವಲ್ಪ ಸಹಿಸಿಕೊಳ್ಳಿ. ಅಂಗವಿಕಲ ಮಕ್ಕಳ ರಂಗಭೂಮಿ ಅಂದ ಕೂಡಲೇ ನಮ್ಮವರು ಅದೇನೋ ಹೊರಗಿನಿಂದ ಬಂದ ವಿಚಾರ ಅನ್ನುವ ಹಾಗೆ ಮಾತಾಡುತ್ತಾರೆ. ಲಂಡನ್ನಿನಲ್ಲಿ ಚಿಕನ್‌ಶೆಡ್ ಅಂತ ಒಂದು ತಂಡ ಇದೆ, 1974ರಲ್ಲಿ ಶುರುವಾದದ್ದು. ಎಲ್ಲ ಥರದ ಮಕ್ಕಳೂ ಒಂದೇ ಸಂಗೀತ ನಾಟಕದಲ್ಲಿ ಆಡುತ್ತಾರೆ. ಮೊದಮೊದಲು ನಿಜವಾಗಿಯೂ ಕೋಳಿ ಸಾಕುವ ಶೆಡ್ಡಿನಲ್ಲಿ ತಾಲೀಮು ಮಾಡುತ್ತಿದ್ದರಂತೆ, ಅದೇ ಹೆಸರು ಉಳಿಯಿತು. ಒಳ್ಳೆಯದೇ. ಆದರೆ ನೀವು ಧಾರವಾಡದಿಂದ ಗದಗಕ್ಕೆ ಒಂದು ಬಸ್ ಹಿಡಿದರೂ ಸಾಕು.

ಪಂಚಾಕ್ಷರಿ ಗವಾಯಿಗಳು (1892–1944) ಕಣ್ಣು ಕಾಣದವರು. ಮೊದಲು ಊರೂರು ತಿರುಗುವ ಸಂಗೀತ ಪಾಠಶಾಲೆ ನಡೆಸಿದರು. ಆಮೇಲೆ ಗದಗಿನಲ್ಲಿ, ಕಣ್ಣು ಕಾಣದ ಮಕ್ಕಳೂ ಸಂಗೀತ ಕಲಿಯುವ ವೀರೇಶ್ವರ ಪುಣ್ಯಾಶ್ರಮ ನೆಲೆಗೊಂಡಿತು. ಅವರ ನಂತರ ಪುಟ್ಟರಾಜ ಗವಾಯಿಗಳು (1914–2010), ಅವರಿಗೂ ಕಣ್ಣು ಕಾಣುತ್ತಿರಲಿಲ್ಲ. ಇಬ್ಬರೂ ಈಗಿನ ಹಾವೇರಿ ಜಿಲ್ಲೆಯ ಹಳ್ಳಿಗಳಲ್ಲಿ ಹುಟ್ಟಿದವರು. ಪುಟ್ಟರಾಜರು ಪೇಟಿ, ತಬಲಾ, ಪಿಟೀಲು, ಸಾರಂಗಿ ಎಲ್ಲವನ್ನೂ ನುಡಿಸುತ್ತಿದ್ದರು. ನಾಟಕಗಳನ್ನು ಬರೆದರು. 2010ರಲ್ಲಿ ಪದ್ಮಭೂಷಣ ಬಂತು. ಇವೆಲ್ಲ ನಿಮಗೆ ಗೊತ್ತಿರುವುದೇ. ಆದರೆ ಒಂದು ಸಂಗತಿ ಮರೆತುಬಿಡುತ್ತೇವೆ. ಆಶ್ರಮದ ಮಕ್ಕಳ ಊಟಕ್ಕೆ, ಪಾಠಕ್ಕೆ ದುಡ್ಡು ಹೊಂದಿಸಲು ಅವರು ಕಟ್ಟಿದ್ದು ಒಂದು ನಾಟಕ ಕಂಪನಿ. ಟಿಕೆಟ್ ಹರಿದು ಒಳಗೆ ಬಿಡುವ ಕಂಪನಿ. ಜನ ದುಡ್ಡು ಕೊಟ್ಟು ಬರಬೇಕಾದರೆ ಹಾಡು ಚೆನ್ನಾಗಿರಲೇಬೇಕು, ಅಲ್ವಾ? ಅಲ್ಲಿ ಕರುಣೆಗೆ ಟಿಕೆಟ್ ಇರಲಿಲ್ಲ.

ಇನ್ನೊಂದು. ಧಾರವಾಡದ ಹಿಂದೂಸ್ತಾನಿ ಗಾಯಕ ಬಸವರಾಜ ರಾಜಗುರು ಅವರು ಕಲಿತದ್ದು ಪಂಚಾಕ್ಷರಿ ಗವಾಯಿಗಳ ಹತ್ತಿರ. ಶಿಷ್ಯನಿಗೆ ಕಣ್ಣಿತ್ತು, ಗುರುವಿಗೆ ಇರಲಿಲ್ಲ. ಈಗ ನಾವು ಕಾರ್ಯಾಗಾರ ಮಾಡಿ, ಬ್ಯಾನರ್ ಕಟ್ಟಿ, ‘ಎಲ್ಲರನ್ನೂ ಒಳಗೊಳ್ಳುವ ಶಿಕ್ಷಣ’ ಅಂತ ಹೇಳುವುದು ಇಲ್ಲಿ ಎಂಬತ್ತು ತೊಂಬತ್ತು ವರ್ಷದ ಹಿಂದೆಯೇ ಸುಮ್ನೆ ನಡೆದುಹೋಗಿದೆ.

ಆದರೆ ಒಂದು ಕಡೆ ನಾವು ಸಿಕ್ಕಿಕೊಂಡಿದ್ದೇವೆ. ಕಣ್ಣಿಲ್ಲದವರು ಹಾಡಬಹುದು, ಪೇಟಿ ನುಡಿಸಬಹುದು ಅಂತ ನಮ್ಮ ಭಾಗದ ಜನ ಒಪ್ಪಿಕೊಂಡರು. ಅಲ್ಲಿಗೇ ನಿಂತರು. ಕಿವಿ ಕೇಳದ ಹುಡುಗಿ ಸಂಗೀತ ನಾಟಕದಲ್ಲಿ ಇರಬಹುದಾ? ಡೌನ್ ಸಿಂಡ್ರೋಮ್ ಇರುವ ಹುಡುಗ ನಾಯಕನಾಗಬಹುದಾ? ಮಾತು ತೊದಲುವ ಹುಡುಗ ಖಳನಾಯಕನಾಗಬಹುದಾ? ಕೇಳಿದರೆ ಮುಖ ಮುಖ ನೋಡಿಕೊಳ್ಳುತ್ತಾರೆ. 1995ರ ಕಾನೂನಿನಲ್ಲಿ ಏಳು ಬಗೆಯ ಅಂಗವೈಕಲ್ಯ ಇತ್ತು. 2016ರ ಕಾನೂನಿನಲ್ಲಿ 21 ಆಯಿತು. ನಮ್ಮ ತಲೆಯಲ್ಲಿ ಇನ್ನೂ ಒಂದೋ ಎರಡೋ ಇದೆ. ಅದೇ ಕಾನೂನಿನ 29ನೇ ಕಲಮು ಕಲೆ, ಮನರಂಜನೆಯಲ್ಲಿ ಪಾಲ್ಗೊಳ್ಳುವ ಹಕ್ಕಿನ ಬಗ್ಗೆಯೇ ಇದೆ. ಓದಿ, ಉಪಯೋಗಕ್ಕೆ ಬರುತ್ತದೆ. ಸಭಾಂಗಣ ಕೊಡುವವರ ಮೇಜಿನ ಮೇಲೆ ಇಡಲು ಚೆನ್ನಾಗಿರುತ್ತದೆ.

ಈಗ ನನ್ನ ತಪ್ಪನ್ನು ಹೇಳಬೇಕು. ಶಾಲೆಯ ಗ್ಯಾದರಿಂಗ್ ನೀವೆಲ್ಲ ನೋಡಿದ್ದೀರಿ. ಹಿಂದಿನ ಸಾಲಿನಲ್ಲಿ ಒಂದು ಮಗು, ಕೈಯಲ್ಲಿ ಕಾಗದದ ಹೂವು ಅಥವಾ ಬಾವುಟ. ಉಳಿದ ಮಕ್ಕಳು ಕುಣಿಯುತ್ತಾರೆ, ಇದು ನಿಂತಿರುತ್ತದೆ. ಮೈಕಿನಲ್ಲಿ ಅದರ ಹೆಸರು ಹೇಳುತ್ತಾರೆ, ಜನ ಚಪ್ಪಾಳೆ ಹೊಡೆಯುತ್ತಾರೆ. ನಾನೂ ಅದನ್ನೇ ಮಾಡಿದ್ದೇನೆ. ಸೆರೆಬ್ರಲ್ ಪಾಲ್ಸಿ ಇರುವ ಒಬ್ಬ ಹುಡುಗನಿಗೆ ಗಿಡದ ಪಾತ್ರ ಕೊಟ್ಟಿದ್ದೆ. ಎರಡೂ ಕೈಗೆ ಬೇವಿನ ಟೊಂಗೆ ಕಟ್ಟಿ ಸ್ಟೂಲಿನ ಮೇಲೆ ಕೂರಿಸಿದ್ದೆ. ನಾಟಕ ನಲವತ್ತು ನಿಮಿಷ. ನಲವತ್ತು ನಿಮಿಷವೂ ಅವನು ಗಿಡ. ಮುಗಿದ ಮೇಲೆ ಟೊಂಗೆ ಬಿಚ್ಚುವಾಗ ನೋಡುತ್ತೇನೆ, ಕಟ್ಟಿದ ಸುತಳಿ ಮೊಣಕೈ ಹತ್ತಿರ ಕೆಂಪಗೆ ಗೀರು ಹಾಕಿದೆ. ಯಾಕೋ ಹೇಳಲಿಲ್ಲ ಅಂದೆ. ಅವನು ನಿಧಾನಕ್ಕೆ, ಒಂದೊಂದೇ ಅಕ್ಷರ ಹೊರಗೆ ತರುತ್ತಾ, ‘ಗಿ-ಡಾ ಮಾ-ತಾ-ಡಂ-ಗಿಲ್-ಲ’ ಅಂದ.

ಅವನು ದಡ್ಡನಲ್ಲ. ನಾಟಕದ ಎಲ್ಲರ ಮಾತೂ ಅವನಿಗೆ ಬಾಯಿಪಾಠ ಬರುತ್ತಿತ್ತು. ಬಾಯಿಂದ ಹೊರಗೆ ಬರಲು ತಡ ಆಗುತ್ತಿತ್ತು, ಅಷ್ಟೇ. ತಡ ಆಗುತ್ತದೆ ಅಂತ ನಾನು ಮಾತನ್ನೇ ಕೊಟ್ಟಿರಲಿಲ್ಲ.

ಇದಕ್ಕೆ ದಾರಿ ಎಲ್ಲಿ ಸಿಕ್ಕಿತು ಅಂದರೆ ನಮ್ಮ ಭಾಗದ ಜಾನಪದ ನಾಟಕ ಸಣ್ಣಾಟದಲ್ಲಿ. ನಿಮ್ಮಲ್ಲಿ ವಯಸ್ಸಾದವರು ನೋಡಿರುತ್ತೀರಿ. ಪಾತ್ರಧಾರಿ ಒಂದು ನುಡಿ ಹಾಡುತ್ತಾನೆ. ಹಿಂದೆ ನಿಂತ ಮೇಳದವರು ಅದನ್ನೇ ಎತ್ತಿಕೊಂಡು ಮತ್ತೆ ಹಾಡುತ್ತಾರೆ. ಮೈಕ್ ಇಲ್ಲದ ಕಾಲದಲ್ಲಿ ಹಿಂದೆ ಕೂತವನಿಗೂ ಕೇಳಲಿ ಅಂತ ಇರಬಹುದು, ಪಾತ್ರಧಾರಿಗೆ ದಮ್ಮು ತೆಗೆದುಕೊಳ್ಳಲು ಸಮಯ ಸಿಗಲಿ ಅಂತಲೂ ಇರಬಹುದು. ನನಗೆ ಅದು ಬೇರೆ ಥರ ಹೊಳೆಯಿತು. ಮಾತು ಸ್ಪಷ್ಟ ಇಲ್ಲದ ಹುಡುಗ ತನ್ನ ಸಾಲು ತಾನು ಹೇಳಲಿ. ಮೇಳ ಅದನ್ನು ಎತ್ತಿಕೊಳ್ಳಲಿ. ಅವನ ಬದಲು ಹಾಡುವುದಲ್ಲ, ಅವನಾದ ಮೇಲೆ ಹಾಡುವುದು. ಇವೆರಡರ ನಡುವೆ ಇರುವುದು ಭೂಮಿ ಆಕಾಶದ ಅಂತರ. ಪ್ರೇಕ್ಷಕರಿಗೆ ಅವನ ಧ್ವನಿಯೂ ಸಿಗುತ್ತದೆ, ಅರ್ಥವೂ ಸಿಗುತ್ತದೆ. ನಾಲ್ಕನೇ ಸಾಲಿನ ಹೊತ್ತಿಗೆ ಕಿವಿ ಪಳಗಿರುತ್ತದೆ. ಮೇಳ ಎತ್ತಿಕೊಳ್ಳುವ ಮೊದಲೇ ಅವರಿಗೆ ತಿಳಿದಿರುತ್ತದೆ.

ಎರಡನೇ ನಾಟಕದಲ್ಲಿ ಅವನಿಗೆ ಕಂಡಕ್ಟರ್ ಪಾತ್ರ. ತುಂಬಿದ ಬಸ್ಸು. ಎಲ್ಲರೂ ಕಿರುಚುತ್ತಿದ್ದಾರೆ, ಹಾಡುತ್ತಿದ್ದಾರೆ. ಕಂಡಕ್ಟರ್ ಕೈ ಎತ್ತುತ್ತಾನೆ. ಎಲ್ಲ ನಿಲ್ಲುತ್ತದೆ. ತಬಲಾದವರು ಒಂದು ಠೇಕಾ, ಅಂದರೆ ತಾಳದ ನಡೆ, ಮಾತ್ರ ಸಣ್ಣಗೆ ಹಿಡಿದುಕೊಂಡಿರುತ್ತಾರೆ; ಅದರ ಒಂದು ಸುತ್ತೇ ಆವರ್ತ. ಹುಡುಗ ಬಾಯಿ ತೆರೆಯುತ್ತಾನೆ. ‘ಮು…’ ಅನ್ನುತ್ತಾನೆ. ಠೇಕಾ ಒಂದು ಆವರ್ತ ಹೋಗುತ್ತದೆ. ‘…ಂದ’. ಇನ್ನೊಂದು ಆವರ್ತ. ಬಸ್ಸಿನಲ್ಲಿದ್ದವರೆಲ್ಲ ಒಂದು ಕಾಲು ಎತ್ತಿಕೊಂಡು ನಿಂತಿರುತ್ತಾರೆ, ಮುಂದಿಡಬೇಕೋ ಹಿಂದಿಡಬೇಕೋ ಗೊತ್ತಿಲ್ಲ. ‘…ನ-ಡೀ-ರಿ!’ ಧಡಾರ್ ಅಂತ ತಬಲಾ ಸಮಕ್ಕೆ ಬೀಳುತ್ತದೆ, ಮೇಳ ‘ಮುಂದ ನಡೀರಿ’ ಅಂತ ಎತ್ತಿಕೊಳ್ಳುತ್ತದೆ, ಬಸ್ಸು ಓಡುತ್ತದೆ. ಮೊದಲ ದಿನ ಅಂಗಳದಲ್ಲಿ ‘ವನ್ಸ್ ಮೋರ್’ ಬಂತು. ಕಂಪನಿ ನಾಟಕದಲ್ಲಿ ಒಳ್ಳೆಯ ಹಾಡಿಗೆ ಬರುತ್ತಿತ್ತಲ್ಲ, ಅದೇ ‘ವನ್ಸ್ ಮೋರ್’. ನಮ್ಮಪ್ಪ ಹೇಳುತ್ತಿದ್ದರು, ಚಪ್ಪಾಳೆ ಮರ್ಯಾದೆಗೆ ಬರುತ್ತದೆ, ವನ್ಸ್ ಮೋರ್ ಆಸೆಗೆ ಬರುತ್ತದೆ ಅಂತ.

ಹೀಗೆ ಮಾಡಲು ತಬಲಾದವರಿಗೆ ತಾಳ್ಮೆ ಬೇಕು. ಮೊದಲು ಬಂದಿದ್ದವರು ಎರಡು ವಾರಕ್ಕೇ ಬಿಟ್ಟು ಹೋದರು. ‘ಲಯಕ್ಕ ಬರಂಗಿಲ್ರಿ ಇದು’ ಅಂದರು. ನಾನು ಹೇಳುವುದು, ಲಯ ಹುಡುಗನಿಗೂ ಇದೆ, ಆದರೆ ಅವನ ಆವರ್ತ ದೊಡ್ಡದು. ನಿಧಾನ ಲಯದ ವಿಲಂಬಿತ್ ಕೇಳಲು ಮೂರು ತಾಸು ಕೂರುವ ಊರು ಇದು. ಒಬ್ಬ ಹುಡುಗನಿಗಾಗಿ ಹತ್ತು ಸೆಕೆಂಡು ಕಾಯಲು ಯಾಕೆ ಆಗಬಾರದು?

ಕಿವಿ ಕೇಳದ ಮಕ್ಕಳ ವಿಷಯಕ್ಕೆ ಬರುತ್ತೇನೆ. ‘ಕೇಳದವರಿಗೆ ಸಂಗೀತ ಯಾಕೆ’ ಅಂತ ಎಲ್ಲರೂ ಕೇಳುತ್ತಾರೆ. ಸ್ಕಾಟ್ಲೆಂಡಿನ ಎವೆಲಿನ್ ಗ್ಲೆನಿ ಅಂತ ಹೆಸರಾಂತ ತಾಳವಾದ್ಯಗಾರ್ತಿ ಇದ್ದಾರೆ. ಚಿಕ್ಕ ವಯಸ್ಸಿನಲ್ಲೇ ಹೆಚ್ಚುಕಡಿಮೆ ಪೂರ್ತಿ ಕಿವುಡಾದವರು. ಬರಿಗಾಲಲ್ಲಿ ನಿಂತು ನುಡಿಸುತ್ತಾರೆ. ನಾದದ ಕಂಪನ ನೆಲದಿಂದ ಕಾಲಿಗೆ ಬರುತ್ತದೆ. ಇದನ್ನು ಓದಿದ್ದೆ, ಆದರೆ ನಂಬಿಕೆ ಬಂದದ್ದು ಜಗ್ಗಲಿಗೆಯಿಂದ.

ಹೋಳಿಯಲ್ಲಿ ಹುಬ್ಬಳ್ಳಿಯ ಓಣಿಗಳಲ್ಲಿ ಜಗ್ಗಲಿಗೆ ಬಡಿಯುತ್ತಾರಲ್ಲ, ಎತ್ತಿನ ಬಂಡಿಯ ಗಾಲಿಗೆ ಚರ್ಮ ಬಿಗಿದದ್ದು. ಅಂಥ ಒಂದನ್ನು ತಾಲೀಮಿಗೆ ಉರುಳಿಸಿಕೊಂಡು ತಂದೆವು. ಕಿವಿ ಕೇಳದ ಮೂವರು ಹುಡುಗಿಯರು ತಂಡದಲ್ಲಿದ್ದರು. ಮೊದಲ ಪೆಟ್ಟು ಬಿತ್ತು. ಒಬ್ಬಳು ಎದೆಯ ಮೇಲೆ ಕೈ ಇಟ್ಟುಕೊಂಡಳು. ಎರಡನೇ ಪೆಟ್ಟಿಗೆ ಮೂವರೂ ಇಟ್ಟುಕೊಂಡರು. ಆಮೇಲೆ ಒಬ್ಬಳು ಹತ್ತಿರ ಹೋಗಿ ಚರ್ಮದ ಹಿಂಬದಿಗೆ ಕೈ ತಾಗಿಸಿ ನಿಂತಳು, ಕಣ್ಣು ಮುಚ್ಚಿದಳು. ಹತ್ತು ನಿಮಿಷಕ್ಕೆ ಅವಳು ಕೋಲು ಕಿತ್ತುಕೊಂಡು ತಾನೇ ಬಡಿಯುತ್ತಿದ್ದಳು. ಬಂದವರೆಲ್ಲ ಕಿವಿ ಮುಚ್ಚಿಕೊಂಡೆವು, ಅವಳಿಗೇನು! ಈಗ ನಮ್ಮ ನಾಟಕದ ತಾಳದ ಲೆಕ್ಕ ಇಡುವವಳು ಅವಳೇ. ಪೇಟಿ, ತಬಲಾ ಎರಡೂ ಅವಳ ಕೈ ನೋಡಿಕೊಂಡು ನಡೆಯಬೇಕು. ನಾನೂ.

ಹಾಡನ್ನು ಸನ್ನೆ ಭಾಷೆಗೆ ತರುವಾಗ ಇನ್ನೊಂದು ತಪ್ಪು ಮಾಡಿದೆವು. ಸಾಲಿನಲ್ಲಿ ಎಷ್ಟು ಪದ ಇದೆಯೋ ಅಷ್ಟು ಸನ್ನೆ, ಅದೇ ಕ್ರಮದಲ್ಲಿ ಜೋಡಿಸಿದೆವು. ಬಹಳ ಶ್ರಮಪಟ್ಟು ಕಲಿತು ಮಾಡಿ ತೋರಿಸಿದೆವು. ಆ ಹುಡುಗಿಯರು ನಕ್ಕು ನಕ್ಕು ಸುಸ್ತಾದರು. ಯಾಕೆಂದರೆ ಭಾರತೀಯ ಸನ್ನೆ ಭಾಷೆಗೆ ಅದರದೇ ವ್ಯಾಕರಣ ಇದೆ. ‘ನೀನು ಎಲ್ಲಿಗೆ ಹೋಗುತ್ತಿ’ ಅನ್ನುವಾಗ ‘ಎಲ್ಲಿಗೆ’ ಅನ್ನುವುದು ಕೊನೆಗೆ ಬರುತ್ತದೆ. ಹುಬ್ಬು, ಕಣ್ಣು, ಮುಖ ಎಲ್ಲವೂ ಭಾಷೆಯ ಭಾಗ, ಬರೀ ಭಾವಕ್ಕೆ ಅಲ್ಲ. ನಾವು ಮಾಡಿದ್ದು ಇಂಗ್ಲಿಷ್ ಪದಗಳನ್ನು ಕನ್ನಡದ ಕ್ರಮದಲ್ಲಿ ಇಟ್ಟು ಮಾತಾಡಿದ ಹಾಗಿತ್ತು. ಕೊನೆಗೆ ಹಾಡಿನ ಅರ್ಥ ಅವರಿಗೆ ಹೇಳಿದೆವು, ಸನ್ನೆಯ ಹಾಡು ಅವರೇ ಕಟ್ಟಿದರು. ಎರಡು ಸಾಲು ಉದ್ದ ಆಯಿತು. ಅದಕ್ಕೆ ತಕ್ಕಂತೆ ನಾನು ಪೇಟಿಯಲ್ಲಿ ಎರಡು ಸಾಲು ಸೇರಿಸಿದೆ. ಸನ್ನೆ ಮಾಡುವವರನ್ನು ಮೂಲೆಯಲ್ಲಿ ನಿಲ್ಲಿಸಬೇಡಿ, ದಯವಿಟ್ಟು. ಅವರ ಮುಖದ ಮೇಲೆ ಬೆಳಕು ಬೇಕು. ಕಪ್ಪು ಪರದೆಯ ಮುಂದೆ ಕಪ್ಪು ಕೈಗವಸು ಹಾಕಿಸಿದವರನ್ನೂ ನೋಡಿದ್ದೇನೆ, ಏನು ಹೇಳಲಿ!

ಆಟಿಸಂ ಇರುವ ಮಕ್ಕಳಿಗೆ ಜಗ್ಗಲಿಗೆ ಆಗಿಬರುವುದಿಲ್ಲ. ಒಂದು ಮಗುವಿಗೆ ಬೇಕಾದದ್ದು ಇನ್ನೊಂದಕ್ಕೆ ಹಿಂಸೆ. ಇದನ್ನು ಯಾರೂ ಮೊದಲೇ ಹೇಳಿರಲಿಲ್ಲ. ಒಬ್ಬ ಹುಡುಗ ಮೊದಲ ಪೆಟ್ಟಿಗೇ ಓಡಿಹೋಗಿ ಬಾವಿಕಟ್ಟೆಯ ಹತ್ತಿರ ಕೂತ. ಈಗ ದೃಶ್ಯಗಳ ಚಿತ್ರ ಬರೆದು ಗೋಡೆಗೆ ಸಾಲಾಗಿ ಅಂಟಿಸುತ್ತೇವೆ. ಯಾವ ಚಿತ್ರದಲ್ಲಿ ಜಗ್ಗಲಿಗೆ ಇದೆ ಅಂತ ಅವನಿಗೆ ಗೊತ್ತು. ಅದು ಬರುವ ಮೊದಲೇ ಹೊರಗೆ ಹೋಗುತ್ತಾನೆ, ಮುಗಿದ ಮೇಲೆ ಬರುತ್ತಾನೆ. ಅವನ ಪಾತ್ರವೂ ಹಾಗೇ ಬರೆದಿದ್ದೇವೆ: ಅಂಚೆಯವನು. ಬರುತ್ತಾನೆ, ಹೋಗುತ್ತಾನೆ.

ಪ್ರೇಕ್ಷಕರಲ್ಲೂ ಅಂಥ ಮಕ್ಕಳು ಇರುತ್ತಾರಲ್ಲ. ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ 2011ರಿಂದ ಆಟಿಸಂ ಇರುವವರಿಗಾಗಿಯೇ ಪ್ರದರ್ಶನ ಇಡಲು ಶುರು ಮಾಡಿದರು. ಸದ್ದು ಕಡಿಮೆ, ಬೆಳಕು ಕಣ್ಣಿಗೆ ಹೊಡೆಯುವುದಿಲ್ಲ, ನಡುವೆ ಎದ್ದು ಹೋಗಬಹುದು, ಕೂಗಬಹುದು. ಓದಿದಾಗ ನನಗೆ ನಗು ಬಂತು. ಇದು ನಮ್ಮ ದೊಡ್ಡಾಟ ಅಲ್ವಾ? ರಾತ್ರಿಯಿಡೀ ಆಟ. ಮಕ್ಕಳು ಅಳುತ್ತವೆ, ಯಾರೋ ಕೌದಿ ಹೊದ್ದು ಮಲಗುತ್ತಾರೆ, ಎದ್ದು ಹೋಗಿ ಮಿರ್ಚಿ ತಿಂದು ಬರುತ್ತಾರೆ, ರಾಕ್ಷಸ ಬಂದಾಗ ಎಬ್ಬಿಸು ಅಂತ ಪಕ್ಕದವನಿಗೆ ಹೇಳಿರುತ್ತಾರೆ. ‘ಮೊಬೈಲ್ ಬಂದ್ ಮಾಡಿ, ಉಸಿರು ಬಿಡಬೇಡಿ’ ಅನ್ನುವ ಶಿಸ್ತು ನಮಗೆ ಇತ್ತೀಚೆಗೆ ಬಂದದ್ದು. ನಮ್ಮ ಪ್ರದರ್ಶನಕ್ಕೆ ಅದನ್ನು ತೆಗೆದುಹಾಕಿದ್ದೇವೆ.

ಕಣ್ಣು ಕಾಣದ ನಟರಿಗೆ ನೆಲದಲ್ಲಿ ಗುರುತು ಬೇಕು. ಜಮಖಾನೆಯ ಕೆಳಗೆ ತೆಂಗಿನ ನಾರಿನ ಹಗ್ಗ ಎಳೆದು ಅಂಟಿಸಿ. ಬರಿಗಾಲಿಗೆ ತಾಗುತ್ತದೆ. ಒಂದು ಹಗ್ಗ ದಾಟಿದರೆ ಸಂತೆ, ಎರಡು ದಾಟಿದರೆ ಮನೆ. ಐವತ್ತು ರೂಪಾಯಿ ಖರ್ಚು. ಕಾಣದ ಪ್ರೇಕ್ಷಕರನ್ನು ಅರ್ಧ ತಾಸು ಮೊದಲೇ ಕರೆದು ಕಿರೀಟ, ಸೀರೆ, ಜಗ್ಗಲಿಗೆ ಮುಟ್ಟಿಸಿ ತೋರಿಸಿ. ಇದಕ್ಕೆ ಖರ್ಚೇ ಇಲ್ಲ.

ಖರ್ಚು ಇರುವುದು ಬೇರೆ ಕಡೆ. ಪಾಲಕರು ಮಗಳನ್ನು ತಾಲೀಮಿಗೆ ಯಾಕೆ ಕಳಿಸುವುದಿಲ್ಲ ಅಂತ ಒಂದು ವರ್ಷ ನಾನು ತಲೆ ಕೆಡಿಸಿಕೊಂಡೆ. ನಾಚಿಕೆ, ಜಾತಿ, ಜನ ಏನಂದಾರು, ಏನೇನೋ ಊಹಿಸಿದೆ. ಕುಂದಗೋಳದ ಕಡೆಯ ಒಬ್ಬ ತಾಯಿ ಸೀದಾ ಹೇಳಿದಳು: ‘ಸರ, ನಿಮ್ಮಲ್ಲೆ ಪಾಯಖಾನಿ ಬಾಗಲಾ ಎಷ್ಟ್ ಅಗಲ ಐತ್ರಿ?’ ಅಳೆದೆ. ಎರಡು ಅಡಿಯೂ ಇರಲಿಲ್ಲ. ಗಾಲಿಕುರ್ಚಿ ಒಳಗೆ ಹೋಗುವುದಿಲ್ಲ. ಆ ಹುಡುಗಿಯರು ಬೆಳಿಗ್ಗೆಯಿಂದ ನೀರು ಕುಡಿಯದೆ ಬರುತ್ತಿದ್ದರು. ನೀರು ಕುಡಿಯದೆ ಹಾಡು ಅಂದರೆ ಹೇಗೆ ಹಾಡುತ್ತಾರೆ? ಧ್ವನಿ ಒಡೆಯುತ್ತಿದೆ ಅಂತ ನಾನು ಅವರನ್ನೇ ಬೈದಿದ್ದೆ. ನಮ್ಮ ಮೂರನೇ ನಾಟಕಕ್ಕೆ ಕೂಡಿಸಿದ ದುಡ್ಡು ವೇಷಭೂಷಣಕ್ಕೆ ಹೋಗಲಿಲ್ಲ, ಬಾಗಿಲಿಗೆ ಹೋಯಿತು.

ಹುಡುಗರು ಈಗ ಬೆಳೆದಿದ್ದಾರೆ. ಮೆಣಸಿನಕಾಯಿ ಹುಡುಗಿ ಕಾಲೇಜಿಗೆ ಹೋಗುತ್ತಿದ್ದಾಳೆ, ಮುಂದಿನ ನಾಟಕ ತಾನೇ ಬರೆಯುತ್ತೇನೆ ಅಂದಿದ್ದಾಳೆ, ನನಗೆ ಅದರಲ್ಲಿ ಗಿಡದ ಪಾತ್ರ ಕೊಡುತ್ತಾಳಂತೆ. ಕಂಡಕ್ಟರ್ ಹುಡುಗನದು ಬೇರೆಯೇ ತಕರಾರು. ನಗು ಎಲ್ಲಿ ಬರುತ್ತದೆ ಅಂತ ಅವನಿಗೆ ಗೊತ್ತಾಗಿಬಿಟ್ಟಿದೆ. ಈಗ ಬೇಕಂತಲೇ ಎಳೆಯುತ್ತಾನೆ. ‘ಮು’ ಆದ ಮೇಲೆ ಎರಡು ಆವರ್ತ, ಮೂರು ಆವರ್ತ. ಹೋದ ವಾರ ತಬಲಾದವರು ‘ನನ್ನ ಕೈ ಸೋಲ್ತಾವ ಮಾರಾಯ’ ಅಂದರು. ನಾನೂ ಗದರಿದೆ, ಓವರ್ ಆ್ಯಕ್ಟಿಂಗ್ ಮಾಡಬೇಡ, ಮೊದಲಿನ ಹಾಗೆ ಹೇಳು ಅಂದೆ. ಅವನು ನನ್ನನ್ನು ನೋಡಿದ. ಬಾಯಿ ತೆರೆದ. ನಾವೆಲ್ಲ ಕಾದೆವು. ಠೇಕಾ ಒಂದು ಆವರ್ತ ಹೋಯಿತು.

‘ಟಿ-ಕೆ-ಟ್ ತಗೊಂ-ಡೀ-ರೇನ್-ರಿ?’ ಅಂದ.